ಓದುಗರ ಪ್ರಶ್ನೆ: ಕ್ಯಾಥೊಲಿಕ್ ಕಾಲೇಜು ಅಂತ ಯಾವುದಕ್ಕೆ ಅನ್ನಬೇಕು?

ಪಿಯುಸಿ ರಿಸಲ್ಟ್ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಸೀಟು, ಹಾಸ್ಟೆಲ್, ಫೀಸು ಇವುಗಳ ಬಗ್ಗೆಯೇ ಇರುತ್ತವೆ. ಈ ಸಲ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಬಂದ ಐದು ಪತ್ರಗಳು ಬೇರೆ ಥರ ಇದ್ದವು. ಫಾದರ್‌ಗಳು, ಸಿಸ್ಟರ್‌ಗಳು ನಡೆಸುವ ಕಾಲೇಜುಗಳಲ್ಲಿ ಅವರ ಧರ್ಮ ಎಲ್ಲಿದೆ, ಎಷ್ಟಿರಬೇಕು ಅನ್ನುವುದೇ ಎಲ್ಲರ ಪ್ರಶ್ನೆ. ನಾನು ಕ್ಯಾಥೊಲಿಕ್ ಅಲ್ಲ. ಆದರೆ ಅಂಥದ್ದೇ ಒಂದು ಸಂಸ್ಥೆಯಲ್ಲಿ ಓದಿದವನು, ಆಮೇಲೆ ಅಂಥದ್ದೇ ಇನ್ನೊಂದು ಸಂಸ್ಥೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತನಾದವನು. ಹಾಗಾಗಿ ಕೆಲವು ಉತ್ತರ ಉದ್ದ ಆಗಿವೆ.

ಪ್ರಶ್ನೆ: ಮಗಳಿಗೆ ಮಂಗಳೂರಿನಲ್ಲಿ ಸಿಸ್ಟರ್‌ಗಳು ನಡೆಸುವ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿದೆ. ನಮ್ಮ ಭಾವನವರು "ಅಲ್ಲಿ ದಿನಾ ಅವರ ಪ್ರಾರ್ಥನೆ ಮಾಡಿಸ್ತಾರೆ, ಹುಡುಗಿ ಕೈತಪ್ಪಿ ಹೋಗ್ತಾಳೆ" ಅಂತ ಹೆದರಿಸುತ್ತಿದ್ದಾರೆ. ಕಳಿಸಲಾ, ಬೇಡವಾ?
(ಒಬ್ಬ ತಾಯಿ, ಪಿ.ಜೆ. ಬಡಾವಣೆ, ದಾವಣಗೆರೆ)

ಕಳಿಸಿ ಅಮ್ಮ. ಧೈರ್ಯವಾಗಿ ಕಳಿಸಿ.

ಅಲ್ಲಿ ಪ್ರಾರ್ಥನೆ ಇರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಬೆಳಿಗ್ಗೆ ಸ್ಪೀಕರ್‌ನಲ್ಲಿ ಎರಡು ನಿಮಿಷ ಪ್ರಾರ್ಥನೆ ಕೇಳಿಸುತ್ತದೆ, ಆವರಣದಲ್ಲಿ ಚಾಪೆಲ್ ಇರುತ್ತದೆ, ಡಿಸೆಂಬರ್‌ನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಅಂದರೆ ಗೋದಲಿ, ಕಟ್ಟುತ್ತಾರೆ. ನಿಮ್ಮ ಮಗಳು ಆ ಎರಡು ನಿಮಿಷ ಎದ್ದು ಸುಮ್ಮನೆ ನಿಂತರೆ ಸಾಕು. ಅದಕ್ಕಿಂತ ಹೆಚ್ಚು ಯಾರೂ ಒತ್ತಾಯ ಮಾಡುವಂತಿಲ್ಲ. ನಮ್ಮ ಸಂವಿಧಾನದ 28ನೇ ವಿಧಿಯ 3ನೇ ಉಪವಿಧಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಸಂಸ್ಥೆಯೂ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಧರ್ಮಬೋಧೆಗೆ ಕೂರಿಸುವಂತಿಲ್ಲ, ಪೂಜೆಗೆ ಕರೆದೊಯ್ಯುವಂತಿಲ್ಲ. ಅಪ್ರಾಪ್ತ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು.

ಭಾವನವರಿಗೆ ಗೌರವದಿಂದಲೇ ಒಂದು ಲೆಕ್ಕ ಹೇಳಿ. ಮಂಗಳೂರಿನ ಸೇಂಟ್ ಅಲೋಶಿಯಸ್ ಶುರುವಾಗಿದ್ದು 1880ರಲ್ಲಿ. ಹೆಣ್ಣುಮಕ್ಕಳ ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರದ್ದು, ಮೌಂಟ್ ಕಾರ್ಮೆಲ್ 1948ರದ್ದು. ಇಷ್ಟು ಕಾಲದಲ್ಲಿ ಎಷ್ಟೋ ತಲೆಮಾರಿನ ಹಿಂದೂ, ಮುಸ್ಲಿಂ, ಜೈನ ಮಕ್ಕಳು ಅಲ್ಲಿ ಓದಿ ಬಂದಿದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರ ಸಂಖ್ಯೆ ನೂರಕ್ಕೆ ಎರಡನ್ನೂ ಮುಟ್ಟಿಲ್ಲ, 1.87 ಅಷ್ಟೇ. ಕಾಲೇಜಿಗೆ ಹೋದವರೆಲ್ಲ ಕೈತಪ್ಪಿದ್ದರೆ ಈ ಲೆಕ್ಕ ಹೀಗಿರುತ್ತಿತ್ತಾ?

ನನ್ನ ಚಿಂತೆ ಇರುವುದು ಬೇರೆ ಕಡೆ. ನಿಮ್ಮ ಮಗಳು ಮೂರು ವರ್ಷ ಅಲ್ಲಿ ಓದಿ, ಒಳ್ಳೆ ಅಂಕ ತಗೊಂಡು, ಈ ಸಿಸ್ಟರ್‌ಗಳು ಮನೆಮಠ ಬಿಟ್ಟು ಇಲ್ಲಿ ಯಾಕೆ ಬಂದು ಕೂತಿದ್ದಾರೆ ಅನ್ನುವುದನ್ನೇ ತಿಳಿಯದೆ ಹೊರಗೆ ಬರಬಹುದು. ಈಗ ಬಹಳ ಮಕ್ಕಳ ವಿಷಯದಲ್ಲಿ ಆಗುತ್ತಿರುವುದು ಅದೇ. ಹೋದ ಮೊದಲ ತಿಂಗಳಲ್ಲೇ ಒಬ್ಬ ಸಿಸ್ಟರ್ ಹತ್ತಿರ ಕೂತು ಕೇಳು ಅಂತ ಮಗಳಿಗೆ ಹೇಳಿ ಕಳಿಸಿ. ಖುಷಿಯಿಂದ ಹೇಳುತ್ತಾರೆ.

ಪ್ರಶ್ನೆ: ಕ್ಯಾಥೊಲಿಕ್ ಆಡಳಿತದ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಕಾಮರ್ಸ್ ಪಾಠ ಮಾಡುತ್ತಿದ್ದೇನೆ. ನಾನು ಲಿಂಗಾಯತ. ನಾನು ಸೇರಿದಾಗ ಐದು ಜನ ಫಾದರ್‌ಗಳು ಕ್ಲಾಸು ತಗೊಳ್ಳುತ್ತಿದ್ದರು, ಈಗ ಪ್ರಿನ್ಸಿಪಾಲರು ಒಬ್ಬರೇ. ಈ ವರ್ಷ ಸ್ಟಾಫ್ ಮೀಟಿಂಗ್‌ನಲ್ಲಿ ಸಂಸ್ಥೆಯ ಕ್ರೈಸ್ತ ಗುರುತನ್ನು ಎಲ್ಲರೂ ಸೇರಿ ಉಳಿಸಬೇಕು ಅಂದರು. ಮೌಲ್ಯ ಶಿಕ್ಷಣದ ಪಿರಿಯಡ್ ನನಗೆ ಕೊಟ್ಟಿದ್ದಾರೆ. ಅವರ ಧರ್ಮವನ್ನು ನಾನು ಹೇಗೆ ಉಳಿಸಲಿ? ಹೇಳಿದರೆ ನಟನೆ ಆಗುತ್ತೆ, ಹೇಳದಿದ್ದರೆ ಕೆಲಸಕ್ಕೆ ಮೋಸ ಮಾಡಿದ ಹಾಗೆ ಆಗುತ್ತೆ.
(ಹೆಸರು ಬೇಡ ಎಂದವರು, ಚಿತ್ರದುರ್ಗ ಜಿಲ್ಲೆ)

ನಟನೆ ಮಾಡಬೇಡಿ ಸರ್. ನಿಮ್ಮಿಂದ ಅದನ್ನು ಅವರ ಧರ್ಮವೂ ಕೇಳಿಲ್ಲ.

ಪೋಪ್ ಎರಡನೇ ಜಾನ್ ಪಾಲ್ 1990ರ ಆಗಸ್ಟ್ 15ರಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳ ಬಗ್ಗೆ ಒಂದು ಶಾಸನ ಹೊರಡಿಸಿದರು. ಲ್ಯಾಟಿನ್‌ನಲ್ಲಿ ಅದರ ಹೆಸರು 'ಎಕ್ಸ್ ಕೊರ್ದೆ ಎಕ್ಲೆಸಿಯೆ'. ಧರ್ಮಸಭೆಯ, ಅಂದರೆ ಚರ್ಚಿನ, ಹೃದಯದಿಂದ ಅಂತ ಅರ್ಥ. ಈಗಲೂ ಈ ವಿಷಯದ ಚರ್ಚೆ ಎಲ್ಲಿ ನಡೆದರೂ ಅದರ ಹೆಸರು ಬಂದೇ ಬರುತ್ತದೆ. ಅದರಲ್ಲಿ ಕ್ಯಾಥೊಲಿಕ್ ಅಧ್ಯಾಪಕರಿಗೆ ಒಂದು ಮಾತು, ಉಳಿದವರಿಗೆ ಇನ್ನೊಂದು ಮಾತು ಇದೆ. ಕ್ಯಾಥೊಲಿಕರು ಧರ್ಮಸಭೆಯ ಬೋಧನೆಗೆ ನಿಷ್ಠರಾಗಿರಬೇಕು. ಉಳಿದವರು ಅದನ್ನು ಗೌರವಿಸಬೇಕು. ಅಷ್ಟೇ. ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಗೌರವಿಸಬೇಕು ಅಂತಲೂ ಅಲ್ಲೇ ಬರೆದಿದೆ. ಅಂದರೆ ನಿಮ್ಮಿಂದ ಕೇಳುತ್ತಿರುವುದು ಗೌರವ. ಅದು ನಿಮ್ಮಲ್ಲಿ ಬೇಕಾದಷ್ಟಿದೆ, ಇಲ್ಲದಿದ್ದರೆ ಇಷ್ಟು ಒದ್ದಾಡಿ ಪತ್ರ ಬರೆಯುತ್ತಿರಲಿಲ್ಲ.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಕ್ಯಾಥೊಲಿಕರಲ್ಲದ ಅಧ್ಯಾಪಕರು ಸಂಸ್ಥೆಯಲ್ಲಿ ಬಹುಸಂಖ್ಯಾತರಾಗಬಾರದು ಅನ್ನುತ್ತದೆ. ಇಟಲಿ, ಅಮೆರಿಕದಲ್ಲಿ ಇದು ಸರಿಹೋಗಬಹುದು. ನಮ್ಮ ಬಯಲುಸೀಮೆಯಲ್ಲಿ ಹೇಗೆ ಸಾಧ್ಯ? ಎಲ್ಲ ಪಂಗಡದ ಕ್ರೈಸ್ತರೂ ಸೇರಿ ನೂರಕ್ಕೆ ಇಬ್ಬರೂ ಇಲ್ಲದ ರಾಜ್ಯದಲ್ಲಿ ಭೌತಶಾಸ್ತ್ರಕ್ಕೆ, ಕಾಮರ್ಸ್‌ಗೆ, ಕನ್ನಡಕ್ಕೆ ಅರ್ಹ ಕ್ಯಾಥೊಲಿಕರನ್ನೇ ಎಲ್ಲಿಂದ ತರುತ್ತಾರೆ? ಹಾಗಾಗಿ ಇಲ್ಲಿ ಕ್ಯಾಥೊಲಿಕ್ ಕಾಲೇಜು ಅಂದರೆ ಬೇರೆಯವರ ಹೆಗಲ ಮೇಲೆ ನಿಂತ ಕ್ಯಾಥೊಲಿಕ್ ಕಾಲೇಜೇ. ಇದು ನಾಚಿಕೆಪಡುವ ವಿಷಯ ಅಲ್ಲ. ಆದರೆ ಹೆಗಲು ಕೊಟ್ಟವರಿಗೆ ತಾವು ಹೊತ್ತಿರುವುದು ಏನು ಅಂತ ಯಾರಾದರೂ ಕೂರಿಸಿಕೊಂಡು ಹೇಳಬೇಕಲ್ವಾ? ನಿಮಗೆ ಹದಿನಾಲ್ಕು ವರ್ಷದಲ್ಲಿ ಯಾರಾದರೂ ಹೇಳಿದ್ದಾರಾ? ನನಗೆ ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ, ಅದೂ ಒಬ್ಬ ವಯಸ್ಸಾದ ಫಾದರ್, ಊಟದ ಮೇಜಿನಲ್ಲಿ ಹೇಳಿದರು.

ಫಾದರ್‌ಗಳು ಕಡಿಮೆಯಾಗುತ್ತಿರುವುದು ನಿಜ. ಐದಾರು ಮಕ್ಕಳಿದ್ದ ಮನೆಗಳಲ್ಲಿ ಒಬ್ಬ ಸೆಮಿನರಿಗೆ ಹೋಗುತ್ತಿದ್ದ. ಈಗ ಅಲ್ಲೂ ಒಬ್ಬನೋ ಇಬ್ಬರೋ. ಆದರೆ ಇರುವ ಫಾದರ್ ಕೂಡ ಕ್ಲಾಸಿನಲ್ಲಿ ಸಿಗುವುದಿಲ್ಲ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು, ವಿಶ್ವವಿದ್ಯಾಲಯದ ಅಫಿಲಿಯೇಷನ್, ಕಟ್ಟಡದ ಕಂಟ್ರಾಕ್ಟರು, ಯಾವುದೋ ಸೈಟಿನ ಕೋರ್ಟು ಕೇಸು, ಇವೆಲ್ಲ ಅವರನ್ನು ತಿಂದುಬಿಟ್ಟಿವೆ. ಹುಡುಗನೊಬ್ಬ ಮೂರು ವರ್ಷದಲ್ಲಿ ಫಾದರ್ ಎದುರು ನಿಲ್ಲುವುದು ಒಂದೇ ಸಲ, ಕೈಯಲ್ಲಿ ತಪ್ಪೊಪ್ಪಿಗೆ ಪತ್ರ ಹಿಡಿದು, ಪಕ್ಕದಲ್ಲಿ ಅಪ್ಪನನ್ನು ನಿಲ್ಲಿಸಿಕೊಂಡು. ಆ ಹುಡುಗನಿಗೆ ಫಾದರ್ ಅಂದರೆ ಗದರಿಸುವ ಮನುಷ್ಯ. ಇದು ನನಗೆ ತುಂಬ ನೋವು ಕೊಡುವ ಸಂಗತಿ. ಯಾಕೆಂದರೆ ನನ್ನ ಕಾಲದಲ್ಲಿ ಫಾದರ್ ಅಂದರೆ ಸಂಜೆ ನಮ್ಮ ಜೊತೆ ವಾಲಿಬಾಲ್ ಆಡುತ್ತಿದ್ದವರು.

ಅಧ್ಯಾಪಕರ ಕಥೆಯೂ ಹೀಗೇ. ಅನುದಾನಿತ ಹುದ್ದೆಯಲ್ಲಿದ್ದವರು ನಿವೃತ್ತರಾದರೆ ಆ ಜಾಗ ತುಂಬಲು ಸರ್ಕಾರದ ಅನುಮತಿಗೆ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಕಡಿಮೆ ಸಂಬಳದ ತಾತ್ಕಾಲಿಕ ಉಪನ್ಯಾಸಕರು. ಮುಂದಿನ ಜೂನ್‌ನಲ್ಲಿ ಕೆಲಸ ಇರುತ್ತೋ ಇಲ್ವೋ ಅನ್ನುವವರಿಗೆ ಸಂಸ್ಥೆಯ ಗುರುತು ಉಳಿಸಿ ಅಂದರೆ ಅವರು ಏನು ಮಾಡಬೇಕು? ಮೊದಲು ಅವರನ್ನು ಸರಿಯಾಗಿ ನೋಡಿಕೊಳ್ಳಲಿ. ಇದನ್ನು ಮೀಟಿಂಗ್‌ನಲ್ಲಿ ಹೇಳಲು ನಿಮಗೆ ಹದಿನಾಲ್ಕು ವರ್ಷದ ಸರ್ವೀಸಿನ ಬಲ ಇದೆ, ಹೇಳಿ.

ಇನ್ನು ನಿಮ್ಮ ಪಿರಿಯಡ್. ನಾನೂ ಅದನ್ನು ತಗೊಂಡವನು. ಶುಕ್ರವಾರ ಕೊನೆಯ ಗಂಟೆ. ಸಿಲಬಸ್ ಮುಗಿದಿಲ್ಲ ಅಂತ ಗಣಿತದವರು ಕೇಳುತ್ತಾರೆ, ಕೊಡುತ್ತೇವೆ. ಪರೀಕ್ಷೆಗೆ 'ಪ್ರಾಮಾಣಿಕತೆ' ಮೇಲೆ ಐದು ಅಂಕದ ಟಿಪ್ಪಣಿ. ಒಂದು ವರ್ಷ ನಾನು ತಿದ್ದುವಾಗ ಎರಡು ಉತ್ತರ ಪತ್ರಿಕೆಯಲ್ಲಿ ಪ್ರಾಮಾಣಿಕತೆಯ ಬಗ್ಗೆ ಒಂದೇ ಉತ್ತರ, ಅದೇ ವಾಕ್ಯ, ಅದೇ ಕಾಗುಣಿತ ತಪ್ಪು. ಅವತ್ತು ನನಗೆ ನಗು ಬರಲಿಲ್ಲ. ಇಡೀ ವರ್ಷ ನಾನು ಏನು ಮಾಡಿದೆ ಅಂತ ಪೇಪರ್ ಮುಚ್ಚಿಟ್ಟು ಕೂತೆ.

ಆಮೇಲೆ ನಾನು ಮಾಡಿದ್ದು ಇಷ್ಟು. ಪುಸ್ತಕ ಬದಿಗಿಟ್ಟೆ. ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿ ಸಮಾರಿಯದವನ ಕಥೆ ಇದೆ, ದಾರಿಯಲ್ಲಿ ಬಿದ್ದ ಗಾಯಾಳುವನ್ನು ಸ್ವಂತ ಜನವೇ ನೋಡಿ ದಾಟಿ ಹೋದಾಗ ಬೇರೆ ಜನಾಂಗದವನೊಬ್ಬ ಎತ್ತಿಕೊಂಡು ಹೋಗುವ ಕಥೆ. ಅದನ್ನು ಓದಿದೆ. ನೋಡ್ರಪ್ಪಾ, ಇದು ನನ್ನ ಧರ್ಮದ ಗ್ರಂಥ ಅಲ್ಲ, ಆದರೆ ಈ ಕಾಲೇಜು ಕಟ್ಟಿದವರು ಇದನ್ನು ನಂಬಿ ಕಟ್ಟಿದರು ಅಂದೆ. ಮುಂದಿನ ವಾರ ಪ್ರಿನ್ಸಿಪಾಲರನ್ನೇ ಕರೆದು ಕೂರಿಸಿದೆ. ನೀವು ಯಾಕೆ ಫಾದರ್ ಆದ್ರಿ, ಮದುವೆ ಬೇಡ ಅನ್ನಿಸಿತಾ, ನಿಮ್ಮಮ್ಮ ಅತ್ತರಾ, ಮಕ್ಕಳು ಎಲ್ಲ ಕೇಳಿದರು. ಆ ಒಂದು ಗಂಟೆಯಲ್ಲಿ ಆ ಸಂಸ್ಥೆಯ ಬಗ್ಗೆ ಅವರು ತಿಳಿದುಕೊಂಡಷ್ಟು ಮೂರು ವರ್ಷದಲ್ಲಿ ತಿಳಿದಿರಲಿಲ್ಲ.

ನಿಮಗೆ ಇನ್ನೊಂದು ಅನುಕೂಲ ಇದೆ. ಲಿಂಗಾಯತರ ತರಳಬಾಳು ಮಠ ಇರುವ ಸಿರಿಗೆರೆ ನಿಮ್ಮ ಜಿಲ್ಲೆಯಲ್ಲೇ ಇದೆ. ಮಠದ ಹಾಸ್ಟೆಲ್‌ನಲ್ಲಿ ಎಲ್ಲ ಜಾತಿಯ ಮಕ್ಕಳು ಉಂಡು ಓದಿ ಬೆಳೆದ ನಾಡು ಇದು. ಕಾಯಕ, ದಾಸೋಹ ಅಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕ್ರೈಸ್ತರ ಸೇವೆ, ನಮ್ಮ ದಾಸೋಹ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ, ಎರಡರ ಬೇರು ಬೇರೆ ಬೇರೆ. ಆದರೆ ದಾಸೋಹ ಗೊತ್ತಿರುವವನು ಆ ಸೇವೆಯ ಬಾಗಿಲವರೆಗೆ ಮಕ್ಕಳನ್ನು ಕರೆದುಕೊಂಡು ಹೋಗಬಲ್ಲ. ಒಳಗಿನದನ್ನು ಫಾದರ್ ಹೇಳಲಿ. ವಾರಕ್ಕೆ ಒಂದು ಗಂಟೆ ಅವರೇ ಬರಬೇಕು ಅಂತ ಕೇಳಿ. ಫೈಲು ಕಾಯುತ್ತವೆ.

ಪ್ರಶ್ನೆ: ಸರ್ಕಾರದ ಅನುದಾನ ತಗೊಳ್ಳುವ ಕಾಲೇಜಿನ ಕ್ಲಾಸಿನಲ್ಲಿ ಶಿಲುಬೆ ಇರಬಹುದಾ?
(ಬಿ.ಎ. ವಿದ್ಯಾರ್ಥಿ, ಚಳ್ಳಕೆರೆ)

ಇರಬಹುದು. ಅಲ್ಪಸಂಖ್ಯಾತರು ತಮ್ಮ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯಲ್ಲಿದೆ. ಅಲ್ಪಸಂಖ್ಯಾತರ ಆಡಳಿತ ಅನ್ನುವ ಕಾರಣಕ್ಕೆ ಅನುದಾನದಲ್ಲಿ ತಾರತಮ್ಯ ಮಾಡಬಾರದು ಅಂತಲೂ ಅದೇ ವಿಧಿ ಹೇಳುತ್ತದೆ. ಅನುದಾನ ತಗೊಂಡ ಮಾತ್ರಕ್ಕೆ ಗುರುತು ಅಳಿಸಿಕೊಳ್ಳಬೇಕಾಗಿಲ್ಲ. ಆದರೆ ಆ ಶಿಲುಬೆಗೆ ನೀನು ಕೈ ಮುಗಿಯಲೇಬೇಕು ಅಂತ ಯಾರೂ ಹೇಳುವಂತಿಲ್ಲ ತಮ್ಮಾ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಂಗಿ ಹೇಳ್ತಾಳೆ, ಅಲ್ಲಿ ಕ್ಯಾಥೊಲಿಕ್ ಕಾಲೇಜುಗಳು ಒಂದೊಂದಾಗಿ ಮುಚ್ಚುತ್ತಿವೆಯಂತೆ. ಧರ್ಮ ಬಿಟ್ಟಿದ್ದಕ್ಕೇ ಹೀಗಾಯಿತು ಅಂತ ಅವಳ ಚರ್ಚಿನಲ್ಲಿ ಮಾತಾಡುತ್ತಾರಂತೆ. ಇಲ್ಲೂ ಹಾಗೆ ಆಗುತ್ತಾ?
(ಒಬ್ಬ ಓದುಗರು, ನಿಟುವಳ್ಳಿ, ದಾವಣಗೆರೆ)

ಮುಚ್ಚುತ್ತಿರುವುದು ನಿಜ. ಓಕ್ಲೆಂಡ್‌ನ ಹೋಲಿ ನೇಮ್ಸ್, ಮಿಲ್ವಾಕಿಯ ಕಾರ್ಡಿನಲ್ ಸ್ಟ್ರಿಚ್ 2023ರಲ್ಲಿ ಮುಚ್ಚಿದವು. ಆಲ್ಬನಿಯ ಸೇಂಟ್ ರೋಸ್, ಪೆನ್ಸಿಲ್ವೇನಿಯಾದ ಕಬ್ರೀನಿ 2024ರಲ್ಲಿ. ಮುಖ್ಯ ಕಾರಣ ದುಡ್ಡು ಮತ್ತು ಸಂಖ್ಯೆ. ಕಾಲೇಜಿಗೆ ಸೇರುವ ವಯಸ್ಸಿನ ಮಕ್ಕಳೇ ಕಡಿಮೆಯಾದರು, ಸಣ್ಣ ಕಾಲೇಜುಗಳು ಸಾಲದಲ್ಲಿ ಮುಳುಗಿದವು. ಹಿಂದೆ ಸಂಬಳದ ಆಸೆ ಇಲ್ಲದೆ ದುಡಿಯುತ್ತಿದ್ದ ಸಿಸ್ಟರ್‌ಗಳ ತಲೆಮಾರು ಮುಗಿಯಿತು, ಆ ಜಾಗಕ್ಕೆಲ್ಲ ಸಂಬಳದವರು ಬಂದರು.

ಧರ್ಮದ ಜಗಳಕ್ಕೂ ಅಲ್ಲಿ ಒಂದು ತಾರೀಖಿದೆ. 1967ರ ಜುಲೈನಲ್ಲಿ ವಿಸ್ಕಾನ್ಸಿನ್‌ನ ಲ್ಯಾಂಡ್ ಓ ಲೇಕ್ಸ್ ಅನ್ನುವ ಊರಲ್ಲಿ, ನೋಟ್ರ ಡೇಮ್ ವಿಶ್ವವಿದ್ಯಾಲಯದ ಫಾದರ್ ಥಿಯೊಡೊರ್ ಹೆಸ್‌ಬರ್ಗ್ ಮುಂದಾಳತ್ವದಲ್ಲಿ ಕ್ಯಾಥೊಲಿಕ್ ಶಿಕ್ಷಣದ ಮುಖ್ಯಸ್ಥರು ಸೇರಿ ಒಂದು ಹೇಳಿಕೆ ಬರೆದರು. ವಿಶ್ವವಿದ್ಯಾಲಯ ಅಂದಮೇಲೆ ಹೊರಗಿನ ಯಾವ ಅಧಿಕಾರದ ಕೈಕೆಳಗೂ ಇರಬಾರದು, ಅದು ಧರ್ಮದ ಅಧಿಕಾರವಾದರೂ ಸರಿ, ಅನ್ನುವುದು ಅದರ ಸಾರ. ಆ ಸುಮಾರಿಗೆ ಬಹಳ ಕಾಲೇಜುಗಳ ಆಡಳಿತ ಫಾದರ್‌ಗಳ ಕೈಯಿಂದ ಗೃಹಸ್ಥರೂ ಇರುವ ಟ್ರಸ್ಟಿಗಳ ಕೈಗೆ ಹೋಯಿತು. ಅವತ್ತೇ ಗುರುತು ಹೋಯಿತು ಅನ್ನುವವರಿದ್ದಾರೆ, ಅದರಿಂದಲೇ ದೊಡ್ಡ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ನಿಂತವು ಅನ್ನುವವರೂ ಇದ್ದಾರೆ. ಈಗಾಗಲೇ ಹೇಳಿದ 1990ರ ಶಾಸನ ಬಂದಿದ್ದಕ್ಕೆ ಈ ವಾದವೂ ಒಂದು ಹಿನ್ನೆಲೆ. ನನ್ನ ಅಭಿಪ್ರಾಯ ಕೇಳಿದರೆ, ಬಿಷಪ್ಪರಿಗೆ ಹೆದರಿ ಪಾಠ ಮಾಡುವ ಅಧ್ಯಾಪಕ ಒಳ್ಳೆಯ ಅಧ್ಯಾಪಕ ಆಗಲಾರ. ಆದರೆ ತಾನು ಏನನ್ನು ನಂಬುತ್ತೇನೆ ಅಂತ ಹೇಳಲು ಸಂಕೋಚಪಡುವ ಕಾಲೇಜು ಮಕ್ಕಳಿಗೆ ಕೊಡುವುದಾದರೂ ಏನನ್ನು?

ಇಲ್ಲಿಯ ಕಷ್ಟ ಬೇರೆ. ಅಲ್ಲಿ ಮಕ್ಕಳಿಲ್ಲದೆ ಸಂಕಟ, ನಮ್ಮ ದೊಡ್ಡ ಊರುಗಳಲ್ಲಿ ಮಕ್ಕಳು ಜಾಸ್ತಿಯಾಗಿ ಸಂಕಟ. ಇಂಗ್ಲಿಷು ಚೆನ್ನಾಗಿ ಬರುತ್ತೆ, ಶಿಸ್ತು ಇರುತ್ತೆ, ಪ್ಲೇಸ್‌ಮೆಂಟ್ ಆಗುತ್ತೆ ಅಂತ ಗೇಟಿನ ಮುಂದೆ ಜನ ಕ್ಯೂ ನಿಲ್ಲುತ್ತಾರೆ. ಯಾರೂ ಧರ್ಮ ಕೇಳಿಕೊಂಡು ಬರುವುದಿಲ್ಲ. ಕೇಳದಿದ್ದರೆ ಹೇಳುವುದೂ ನಿಂತುಹೋಗುತ್ತದೆ. ಸಾಲದ್ದಕ್ಕೆ ಈಗ ಮತಾಂತರ ಅನ್ನುವ ಆರೋಪದ ಭಯ ಬೇರೆ. ಪ್ರಾಸ್ಪೆಕ್ಟಸ್‌ನಲ್ಲಿ 'ಜಾಗತಿಕ ಗುಣಮಟ್ಟ' ಇರುತ್ತದೆ, ಯೇಸುವಿನ ಹೆಸರು ಇರುವುದಿಲ್ಲ. ಮುಚ್ಚಿಟ್ಟಷ್ಟೂ ಜನರ ಅನುಮಾನ ಜಾಸ್ತಿಯಾಗುತ್ತದೆ ಹೊರತು ಕಡಿಮೆಯಾಗುವುದಿಲ್ಲ. ನಮ್ಮ ನಂಬಿಕೆ ಇದು, ನಿಮ್ಮ ಮೇಲೆ ಹೇರುವುದಿಲ್ಲ ಅಂತ ಮೊದಲ ದಿನವೇ ಪೋಷಕರ ಎದುರು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ನಾನು ಕ್ಯಾಥೊಲಿಕ್. ಅಪ್ಪ ಪೇಂಟಿಂಗ್ ಕೆಲಸ ಮಾಡ್ತಾರೆ. ಸೆಪ್ಟೆಂಬರ್ 8ರ ಆರೋಗ್ಯ ಮಾತೆ ಹಬ್ಬಕ್ಕೆ ಪ್ರತಿ ವರ್ಷ ಸ್ವಯಂಸೇವಕನಾಗಿ ನಿಲ್ಲುತ್ತೇನೆ. ಆದರೆ ನಮ್ಮವರದೇ ಒಂದು ಕಾಲೇಜಿನಲ್ಲಿ ಬಿ.ಸಿ.ಎ. ಫೀಸು ಕೇಳಿ ವಾಪಸ್ ಬಂದೆ. ಎರಡನೇ ಕಂತು ತಡವಾದರೆ ಹಾಲ್ ಟಿಕೆಟ್ ಕೊಡಲ್ಲವಂತೆ. ಹಾಗಾದರೆ 'ನಮ್ಮ ಕಾಲೇಜು' ಅಂದ್ರೆ ಏನರ್ಥ?
(ಒಬ್ಬ ಯುವಕ, ಹರಿಹರ)

ನಿನ್ನ ಪತ್ರವನ್ನು ಎರಡು ಸಲ ಓದಿದೆ ಮಗಾ. ಇದಕ್ಕೆ ಮೊದಲು ನನ್ನದೇ ಒಂದು ವಿಷಯ ಹೇಳುತ್ತೇನೆ.

ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನಾನು ಪಿಯುಸಿಯಲ್ಲಿದ್ದಾಗ ಮಿಲ್ಲಿಗೆ ಬೀಗ ಬಿತ್ತು. ಮನೆಯಲ್ಲಿ ರೊಟ್ಟಿಗೇ ಕಷ್ಟ, ಫೀಸಿನ ಮಾತೆಲ್ಲಿ. ಕಾಲೇಜಿನ ಆಫೀಸಿನಲ್ಲಿ ಒಬ್ಬ ವಯಸ್ಸಾದ ಸಿಸ್ಟರ್ ಕೂರುತ್ತಿದ್ದರು. ಅವರ ಮುಂದೆ ಕೆಂಪು ಅಂಚಿನ ದಪ್ಪ ಲೆಡ್ಜರ್. ಹೆಸರು, ತರಗತಿ, ರಸೀದಿ ನಂಬರು ಎಲ್ಲ ಮಸಿಯಲ್ಲಿ ಬರೆಯುತ್ತಿದ್ದರು. ಬಾಕಿ ಅನ್ನುವ ಕಾಲಂ ಮಾತ್ರ ಪೆನ್ಸಿಲ್‌ನಲ್ಲಿ. ಒಂದು ದಿನ ಸೀಮೆಸುಣ್ಣದ ಡಬ್ಬಿ ತರಲು ಹೋದಾಗ ಲೆಡ್ಜರ್ ತೆರೆದಿತ್ತು, ನನ್ನ ಹೆಸರಿನ ಸಾಲು ಕಣ್ಣಿಗೆ ಬಿತ್ತು. ಬಾಕಿಯ ಜಾಗದಲ್ಲಿ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು, ಹಿಂದಿನ ಹಾಳೆಯ ಗೆರೆ ಕಾಣುತ್ತಿತ್ತು. ಸಿಸ್ಟರ್ ನನ್ನನ್ನು ನೋಡಿ ಲೆಡ್ಜರ್ ಮುಚ್ಚಿದರು, ಡಬ್ಬಿ ಕೈಗೆ ಕೊಟ್ಟು ಕ್ಲಾಸಿಗೆ ಹೋಗು ಅಂದರು. ಪರೀಕ್ಷೆಗೆ ಹಾಲ್ ಟಿಕೆಟ್ ಬಂತು. ನನ್ನ ಮುಂದೆ ಅವರು ಒಂದು ದಿನವೂ ಬೈಬಲ್ ತೆರೆಯಲಿಲ್ಲ.

ಈಗ ಆ ಜಾಗದಲ್ಲಿ ಸಾಫ್ಟ್‌ವೇರ್ ಇದೆ. ಕೊನೆ ತಾರೀಖು ದಾಟಿದರೆ ಹೆಸರು ಕೆಂಪಾಗುತ್ತದೆ, ಹಾಲ್ ಟಿಕೆಟ್ ಪ್ರಿಂಟ್ ಆಗುವುದಿಲ್ಲ. ಕೌಂಟರಿನ ಹುಡುಗಿಯ ಕೈಯಲ್ಲಿ ಏನೂ ಇಲ್ಲ.

ಕಾಲೇಜಿನವರ ಕಷ್ಟವನ್ನೂ ಹೇಳಬೇಕು. ಬಿ.ಸಿ.ಎ.ಯಂಥ ಹೊಸ ಕೋರ್ಸುಗಳು ಸಾಮಾನ್ಯವಾಗಿ ಅನುದಾನ ಇಲ್ಲದೆ ನಡೆಯುತ್ತವೆ. ಮೇಷ್ಟ್ರ ಸಂಬಳ, ಕಂಪ್ಯೂಟರ್ ಲ್ಯಾಬು, ಕರೆಂಟು ಬಿಲ್ಲು ಎಲ್ಲ ಫೀಸಿನಿಂದಲೇ ಬರಬೇಕು. ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ, ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸಿನಲ್ಲಿ, ಅನುದಾನ ಇಲ್ಲದ ಸಂಸ್ಥೆಗಳಿಗೆ ಫೀಸು ನಿಗದಿ ಮಾಡಿಕೊಳ್ಳುವ ಸ್ವಾತಂತ್ರ್ಯ ಇದೆ, ಆದರೆ ಕ್ಯಾಪಿಟೇಷನ್ (ಸೀಟಿಗಾಗಿ ಫೀಸಿನ ಮೇಲೆ ವಸೂಲು ಮಾಡುವ ಹಣ) ಮತ್ತು ಲಾಭಕೋರತನ ಕೂಡದು ಅಂತ ಹೇಳಿತು. ಅಂದರೆ ಕಾನೂನಿನ ಪ್ರಕಾರ ಅವರು ತಪ್ಪು ಮಾಡಿಲ್ಲದೆಯೂ ಇರಬಹುದು. ಆದರೆ ನಿನ್ನ ಪ್ರಶ್ನೆ ಕಾನೂನಿನದಲ್ಲ. ಬಡವರಿಗೂ, ಹಿಂದಿನಿಂದ ಓದು ಸಿಗದೆ ಉಳಿದ ಸಮುದಾಯದವರಿಗೂ ಬಾಗಿಲು ತೆರೆಯಬೇಕು ಅಂತ ಅದೇ 1990ರ ಶಾಸನ ಹೇಳುತ್ತದೆ. ನ್ಯಾಕ್ ಗ್ರೇಡಿಗೆ ಕೊಡುವಷ್ಟು ಗಮನ ಆ ಸಾಲಿಗೆ ಎಲ್ಲಿ ಕೊಡುತ್ತಿದ್ದಾರೆ? ನಮ್ಮ ಕಡೆಯ ಕ್ರೈಸ್ತರಲ್ಲಿ ದಲಿತ ಮೂಲದ ಮನೆಗಳು ಎಷ್ಟಿವೆ ಅಂತ ನಿನಗೇ ಗೊತ್ತು. 1950ರ ರಾಷ್ಟ್ರಪತಿ ಆದೇಶದಿಂದಾಗಿ ಅವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವೂ ಇಲ್ಲ. ಆ ಮಕ್ಕಳಿಗೆ ಸ್ವಂತ ಧರ್ಮಸಭೆಯ ಕಾಲೇಜಿನಲ್ಲೂ ಜಾಗ ಇಲ್ಲ ಅಂದರೆ ಅವರು ಇನ್ನೆಲ್ಲಿಗೆ ಹೋಗಬೇಕು?

ಈಗ ನೀನು ಮಾಡಬೇಕಾದ್ದು. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ವಿದ್ಯಾರ್ಥಿವೇತನದ) ಪೋರ್ಟಲ್‌ನಲ್ಲಿ ಅರ್ಜಿ ಹಾಕು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೋ. ಆಮೇಲೆ ಭಾನುವಾರ ಪೂಜೆ ಮುಗಿದ ಮೇಲೆ ಅಪ್ಪನನ್ನು ಕರೆದುಕೊಂಡು ನಿಮ್ಮ ಫಾದರ್ ಹತ್ತಿರ ಹೋಗು. ನಿಂತು ಮಾತಾಡಬೇಡಿ, ಕೂತು ಮಾತಾಡಿ. ಫೀಸಿನ ಚೀಟಿ ತೋರಿಸು. ಎಷ್ಟು ಕಟ್ಟಬಲ್ಲಿರಿ, ಯಾವ ತಿಂಗಳಲ್ಲಿ ಕಟ್ಟಬಲ್ಲಿರಿ ಅಂತ ಬರೆದುಕೊಂಡು ಹೋಗು, ಮಳೆಗಾಲದಲ್ಲಿ ಪೇಂಟಿಂಗ್ ಕೆಲಸ ಕಡಿಮೆ ಅನ್ನುವುದನ್ನೂ ಸೇರಿಸು. ಕಾಲೇಜಿನ ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಡಿ ಅಂತ ಕೇಳು. ಆ ಪತ್ರ ತಗೊಂಡು ಕೌಂಟರಿಗೆ ಹೋಗಬೇಡ, ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗು. ಅಡ್ಮಿಷನ್ ಮುಗಿಯುವುದರೊಳಗೆ ಹೋಗು. ಏನಂದರು ಅಂತ ನನಗೆ ಬರಿ. ಆಗಲಿಲ್ಲ ಅಂದರೂ ಬರಿ.